ಓಟಿಜಿ ಓವನ್ ಕೆಟ್ಟಿತೆ? ಗೋಡೆಯ ಪ್ಲಗ್ಗಿನಿಂದ ಒಳಗಿನ ರಾಡಿನವರೆಗೆ ಹುಡುಕಿ ಸರಿಪಡಿಸುವ ಬಗೆ

ಓಟಿಜಿ (ಓವನ್, ಟೋಸ್ಟರ್, ಗ್ರಿಲ್ಲರ್) ಓವನ್ನಿನ ಒಳಗಿರುವುದು ಐದಾರು ಭಾಗ ಅಷ್ಟೆ. ಗೋಡೆಯಿಂದ ಬಂದ ಕರೆಂಟು ಟೈಮರ್‌ಗೆ ಹೋಗುತ್ತದೆ, ಅಲ್ಲಿಂದ ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್‌ಗೆ, ಆಮೇಲೆ ಮೇಲಿನ ರಾಡೋ ಕೆಳಗಿನ ರಾಡೋ ಎಂದು ಆರಿಸುವ ಮೋಡ್ ಸ್ವಿಚ್‌ಗೆ, ಕೊನೆಗೆ ರಾಡಿಗೆ. ರಾಡಿನಿಂದ ನ್ಯೂಟ್ರಲ್ ವೈರಿನಲ್ಲಿ ವಾಪಸು ಬರುತ್ತದೆ. ಒಂದೊಂದು ಮಾದರಿಯಲ್ಲಿ ಈ ಕ್ರಮ ಸ್ವಲ್ಪ ಹಿಂದುಮುಂದಾಗಿರಬಹುದು, ದಾರಿ ಮಾತ್ರ ಇದೇ. ಇದರಲ್ಲಿ ಎಲ್ಲಿ ಕೊಂಡಿ ಕಳಚಿದರೂ ಇಡೀ ಓವನ್, ಇಲ್ಲವೆ ಅದರ ಒಂದು ಭಾಗ ಸತ್ತಂತೆ ಕೂರುತ್ತದೆ. ಹೊಸದನ್ನು ಕೊಳ್ಳಲು ಹೊರಡುವ ಮುಂಚೆ ಈ ದಾರಿ ಹಿಡಿದು ಒಂದು ಸುತ್ತು ನಡೆದು ಬನ್ನಿ. ಕಾರಣ ಬಹಳ ಸಲ ಒಂದು ಸಡಿಲ ಸ್ಕ್ರೂ, ಸುಟ್ಟ ಲಗ್ (ವೈರಿನ ತುದಿಯ ಲೋಹದ ಕೊಂಡಿ) ಅಥವಾ ತುಂಡಾದ ಒಂದು ರಾಡ್ ಆಗಿರುತ್ತದೆ.

ಇಲ್ಲಿ ಹೇಳಿರುವುದೆಲ್ಲ ನಾಬ್ ತಿರುಗಿಸಿ ಬಳಸುವ ಓಟಿಜಿಗೆ ಅನ್ವಯಿಸುತ್ತದೆ. ಮೈಕ್ರೋವೇವ್ ಓವನ್ ಬೇರೆಯೇ ಜಾತಿ. ಅದರ ಕವಚ ಬಿಚ್ಚಬಾರದು. ಯಾಕೆಂದು ಮುಂದೆ ಹೇಳಿದೆ.

ಬಿಚ್ಚುವ ಮುಂಚೆ ನೋಡಬೇಕಾದ್ದು

ಮೊದಲು ನಾಬ್‌ಗಳು. ಟೈಮರ್ ಸೊನ್ನೆಯಲ್ಲಿದ್ದರೆ ಉಳಿದ ನಾಬ್‌ಗಳನ್ನು ಎಷ್ಟು ತಿರುಗಿಸಿದರೂ ಓವನ್ ಕಾಯುವುದಿಲ್ಲ. ಹೊಸದಾಗಿ ತಂದವರ ಮನೆಯಲ್ಲಿ ‘ಓವನ್ ಆನ್ ಆಗುತ್ತಿಲ್ಲ’ ಎನ್ನುವ ದೂರಿಗೆ ಇದೇ ದೊಡ್ಡ ಕಾರಣ. ಐದು ನಿಮಿಷದಂಥ ಸಣ್ಣ ಅವಧಿಗೆ ಟೈಮರನ್ನು ಮೊದಲು 20ರ ಆಚೆಗೆ ತಿರುಗಿಸಿ, ಆಮೇಲೆ ಹಿಂದಕ್ಕೆ ತಂದು 5ರಲ್ಲಿ ನಿಲ್ಲಿಸಿ. ಒಳಗಿನ ಸ್ಪ್ರಿಂಗ್‌ಗೆ ಸಾಕಷ್ಟು ಬಿಗಿ ಸಿಗದಿದ್ದರೆ ಟೈಮರ್ ಅರ್ಧದಲ್ಲೇ ನಿಲ್ಲುತ್ತದೆ, ಇಲ್ಲವೆ ಗಂಟೆ ಬಾರಿಸುವುದಿಲ್ಲ.

ಬೇಕ್ ಆಗುತ್ತಿರುವಾಗ ಕೆಂಪು ದೀಪ ಆರಿತು ಎಂದು ಗಾಬರಿಯಾಗುವವರೂ ಇದ್ದಾರೆ. ಅನೇಕ ಮಾದರಿಗಳಲ್ಲಿ ದೀಪಕ್ಕೆ ಕರೆಂಟು ಥರ್ಮೋಸ್ಟಾಟ್ ಮೂಲಕವೇ ಬರುತ್ತದೆ. ಬೇಕಾದ ಶಾಖ ಮುಟ್ಟಿದೊಡನೆ ದೀಪವೂ ರಾಡೂ ಆರುತ್ತವೆ, ಶಾಖ ಇಳಿದಾಗ ಎರಡೂ ಮತ್ತೆ ಹತ್ತುತ್ತವೆ. ಅದು ದೋಷವಲ್ಲ, ಓವನ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ.

ಆಮೇಲೆ ಗೋಡೆಯ ಸಾಕೆಟ್. ಸಾಕೆಟ್‌ನಲ್ಲಿ ಕರೆಂಟಿದೆಯೇ ಎಂದು ಮೊಬೈಲ್ ಚಾರ್ಜರ್ ಹಾಕಿ ನೋಡಿದರೆ ಪ್ರಯೋಜನವಿಲ್ಲ. ಸಡಿಲವಾದ ಜೋಡಣೆಯಲ್ಲೂ ಚಾರ್ಜರ್‌ಗೆ ಬೇಕಾದಷ್ಟು ಕರೆಂಟು ಹರಿಯುತ್ತದೆ, ಓವನ್ನಿನಂಥ ಭಾರ ಬಿದ್ದಾಗ ಮಾತ್ರ ಅದು ಕೈಕೊಡುತ್ತದೆ. ಅದೇ ಸಾಕೆಟ್‌ಗೆ ಇಸ್ತ್ರಿಪೆಟ್ಟಿಗೆ ಹಾಕಿ ಎರಡು ನಿಮಿಷ ಕಾಯಿಸಿ. ಪೆಟ್ಟಿಗೆ ಚೆನ್ನಾಗಿ ಕಾದು, ಸಾಕೆಟ್‌ನಿಂದ ಚಿಟಚಿಟ ಸದ್ದಾಗಲಿ ಸುಟ್ಟ ವಾಸನೆಯಾಗಲಿ ಬಾರದಿದ್ದರೆ ಗೋಡೆಯ ಕಡೆ ತೊಂದರೆಯಿಲ್ಲ.

ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ಓಟಿಜಿ ಓಡಿಸಲೇಬೇಡಿ. ಲೆಕ್ಕ ಸುಲಭ: ವಾಟ್ಸನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 1600 ವಾಟಿನ ಓವನ್ ಸುಮಾರು 7 ಆಂಪಿಯರ್ ಎಳೆಯುತ್ತದೆ, 2000 ವಾಟಿನದು 8.7. ಮಿಕ್ಸಿ, ಟಿವಿ ಹಾಕುವ ಸಣ್ಣ ಸಾಕೆಟ್ 6 ಆಂಪಿಯರ್‌ಗೆ ಮಾಡಿದ್ದು. ಓವನ್‌ಗೆ ಬೇಕಾದ್ದು 16 ಆಂಪಿಯರ್‌ನ ದೊಡ್ಡ ಪವರ್ ಪಾಯಿಂಟ್. ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್‌ಗೆ ಕೂರಿಸುವ ಅಡಾಪ್ಟರುಗಳು ಅಂಗಡಿಯಲ್ಲಿ ಸಿಗುತ್ತವೆ. ಸಿಗುತ್ತವೆ ಎಂದ ಮಾತ್ರಕ್ಕೆ ಅವನ್ನು ಓವನ್‌ಗೆ ಬಳಸಬಾರದು.

ಇನ್ನು ಪ್ಲಗ್. ಅಚ್ಚೊತ್ತಿದ ಪ್ಲಗ್ ಆದರೆ ಪಿನ್‌ಗಳ ಬುಡ ಕಂದಾಗಿದೆಯೇ, ಪ್ಲಾಸ್ಟಿಕ್ ಮೆತ್ತಗಾಗಿದೆಯೇ ನೋಡಿ. ಸ್ಕ್ರೂ ಬಿಚ್ಚುವ ಪ್ಲಗ್ ಆದರೆ ತೆಗೆದು ಮೂರೂ ವೈರನ್ನು ಒಂದೊಂದಾಗಿ ಎಳೆದು ನೋಡಿ. ಕಂದು ವೈರು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಅರ್ತ್ ಹೋಗುವುದು ದಪ್ಪ ಪಿನ್ನಿಗೆ. ತಾಮ್ರದ ಎಳೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಎಳೆಗಳನ್ನು ಹೊಸೆದು, ಮಡಚಿ, ಸ್ಕ್ರೂ ಕೆಳಗೆ ಬಿಗಿ ಮಾಡಿ. ಆ ತುದಿಗೆ ಸೋಲ್ಡರ್ ಹಾಕುವ ಅಭ್ಯಾಸ ಕೆಲವರಿಗಿದೆ. ಸೋಲ್ಡರ್ ಮೆತ್ತಗಿನ ಲೋಹ, ಸ್ಕ್ರೂ ಒತ್ತಡಕ್ಕೆ ಬರಬರುತ್ತ ಚಪ್ಪಟೆಯಾಗಿ ಜೋಡಣೆ ತಾನೇ ಸಡಿಲಾಗುತ್ತದೆ. ಬರಿ ತಾಮ್ರವೇ ಒಳ್ಳೆಯದು.

ಓವನ್ ಬಿಚ್ಚದೆ ಪ್ಲಗ್ಗಿನಲ್ಲೇ ಕಾಯಿಲೆ ಹಿಡಿಯುವುದು

ಇದಕ್ಕೆ ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು. ಸಾಧಾರಣದ್ದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಮನೆಯ ಅರ್ಧ ರಿಪೇರಿಗೆ ಅದೇ ಕಣ್ಣು. ಓವನ್ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಓವನ್ ಪೂರ್ತಿ ತಣ್ಣಗಾಗಲು ಒಂದು ಗಂಟೆ ಬಿಡಿ.

ಮೀಟರನ್ನು 200 ಓಮ್ ಶ್ರೇಣಿಗೆ ಇಡಿ. ಟೈಮರ್ ತಿರುಗಿಸಿ, ಥರ್ಮೋಸ್ಟಾಟ್ ಪೂರ್ತಿ ಮೇಲಕ್ಕೆ, ಮೋಡ್ ‘ಮೇಲೆ-ಕೆಳಗೆ ಎರಡೂ’ ಎನ್ನುವಲ್ಲಿ. ಮೀಟರಿನ ಎರಡು ಮೊನೆಗಳನ್ನು ಪ್ಲಗ್ಗಿನ ಎರಡು ಸಮ ಪಿನ್‌ಗಳಿಗೆ ಮುಟ್ಟಿಸಿ. ಬರಬೇಕಾದ ಓಮ್ ಎಷ್ಟು ಎನ್ನುವುದಕ್ಕೆ 52,900ನ್ನು ಓವನ್ನಿನ ವಾಟ್ಸಿನಿಂದ ಭಾಗಿಸಿ (230ನ್ನು 230ರಿಂದ ಗುಣಿಸಿದರೆ ಬರುವ ಸಂಖ್ಯೆ ಇದು). 800 ವಾಟಿಗೆ 66 ಓಮ್, 1200ಕ್ಕೆ 44, 1500ಕ್ಕೆ 35, 2000ಕ್ಕೆ 26. ತಣ್ಣಗಿರುವಾಗ ಒಂದೆರಡು ಓಮ್ ಕಡಿಮೆ ತೋರಿಸಬಹುದು.

ಈಗ ಒಂದು ಉದಾಹರಣೆ ಹಿಡಿದು ನೋಡೋಣ. ಸುಮಾರು 30 ಲೀಟರಿನ, 1500 ವಾಟಿನ, ಮೇಲೆರಡು ಕೆಳಗೆರಡು ರಾಡಿರುವ ಓವನ್. ಇಂಥವುಗಳಲ್ಲಿ ಅನೇಕ ಸಲ ಮೇಲಿನ ಎರಡು ರಾಡನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುತ್ತಾರೆ, ಕೆಳಗಿನವನ್ನೂ ಹಾಗೆಯೇ. ಪ್ರತಿ ರಾಡು 35 ಓಮ್, ಜೋಡಿಗೆ 70. ಎರಡು ಜೋಡಿ ಅಕ್ಕಪಕ್ಕ ಕೆಲಸ ಮಾಡಿದಾಗ 35. ಹೀಗಾಗಿ ‘ಎರಡೂ’ ಮೋಡ್‌ನಲ್ಲಿ 35, ‘ಮೇಲೆ ಮಾತ್ರ’ದಲ್ಲಿ 70, ‘ಕೆಳಗೆ ಮಾತ್ರ’ದಲ್ಲಿ 70 ಬಂದರೆ ಎಲ್ಲವೂ ಸರಿ. ‘ಎರಡೂ’ದಲ್ಲಿ 70, ಕೆಳಗೆ 70, ‘ಮೇಲೆ ಮಾತ್ರ’ದಲ್ಲಿ ಮೀಟರು ಏನೂ ತೋರಿಸದಿದ್ದರೆ (ಪರದೆಯಲ್ಲಿ ‘1’ ಅಥವಾ ‘OL’ ಎಂದಷ್ಟೇ ನಿಂತರೆ) ಮೇಲಿನ ಜೋಡಿಯಲ್ಲಿ ಒಂದು ರಾಡು ತುಂಡಾಗಿದೆ, ಇಲ್ಲವೆ ಅದರ ವೈರು ಕಳಚಿದೆ. ಒಂದು ಹೋದರೂ ಅದರ ಜೋಡಿಯದೂ ಕಾಯುವುದಿಲ್ಲ. ‘ಎರಡು ರಾಡೂ ಒಟ್ಟಿಗೇ ಹೋದವು’ ಎಂದು ಜನ ಅಂದುಕೊಳ್ಳುವುದು ಇದಕ್ಕೇ.

ಯಾವ ಮೋಡ್‌ನಲ್ಲೂ ಮೀಟರು ಅಲ್ಲಾಡದಿದ್ದರೆ ರಾಡುಗಳ ಮೇಲೆ ಅನುಮಾನ ಬೇಡ. ನಾಲ್ಕೂ ಒಂದೇ ದಿನ ಸಾಯುವುದಿಲ್ಲ. ತೊಂದರೆ ಎಲ್ಲಕ್ಕೂ ಸೇರಿದ ದಾರಿಯಲ್ಲಿದೆ: ಪವರ್ ಕಾರ್ಡ್, ಟೈಮರ್, ಥರ್ಮೋಸ್ಟಾಟ್, ಅಥವಾ ಕೆಲವು ಮಾದರಿಗಳಲ್ಲಿರುವ ಥರ್ಮಲ್ ಫ್ಯೂಸ್ (ಶಾಖ ಮಿತಿಮೀರಿದರೆ ಸುಟ್ಟು ಕರೆಂಟು ಕಡಿಯುವ ಪುಟ್ಟ ಭಾಗ). ಮೀಟರು ಹಿಡಿದುಕೊಂಡೇ ಟೈಮರ್ ನಾಬನ್ನು ಮೆಲ್ಲಗೆ ಅಲ್ಲಾಡಿಸಿ, ಕಾರ್ಡನ್ನು ಎರಡೂ ತುದಿಯಲ್ಲಿ ಬಾಗಿಸಿ ನೋಡಿ. ಅಂಕಿ ಬಂದುಹೋಗಿ ಮಾಡಿದರೆ ಅಲ್ಲೇ ಇದೆ ಕಳ್ಳ.

ಮೀಟರು ಕೈಯಲ್ಲಿರುವಾಗಲೇ ಇನ್ನೆರಡು ಪರೀಕ್ಷೆ ಮುಗಿಸಿಬಿಡಿ. ದಪ್ಪ ಅರ್ತ್ ಪಿನ್ನಿಗೂ ಓವನ್ ಮೈಯ ಬಣ್ಣವಿಲ್ಲದ ಒಂದು ಸ್ಕ್ರೂಗೂ ನಡುವೆ 1 ಓಮ್‌ಗಿಂತ ಕಡಿಮೆ ಬರಬೇಕು. ಬಣ್ಣದ ಮೇಲೆ ಮುಟ್ಟಿಸಿದರೆ ಬರುವುದಿಲ್ಲ, ಮೋಸ ಹೋಗಬೇಡಿ. ಇನ್ನೊಂದು, ಮೀಟರನ್ನು 20 ಮೆಗಾ ಓಮ್‌ಗೆ ಇಟ್ಟು ಅರ್ತ್ ಪಿನ್ನಿಗೂ ಸಮ ಪಿನ್‌ಗಳಿಗೂ ನಡುವೆ ನೋಡಿ. ಮೀಟರು ಏನೂ ತೋರಿಸಬಾರದು. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಮೈಗೆ ಕರೆಂಟು ಸೋರುತ್ತಿದೆ, ಸರಿಪಡಿಸುವವರೆಗೆ ಪ್ಲಗ್ಗಿಗೆ ಹಾಕಬೇಡಿ.

ಮಳೆಗಾಲದಲ್ಲಿ ಟ್ರಿಪ್ ಆಗುವ ಓವನ್

ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದನ್ನು ಕಾಣದವರಿಲ್ಲ. ಜೂನ್‌ನಿಂದ ಮೂಲೆಯಲ್ಲಿದ್ದ ಓವನ್ನನ್ನು ಆಗಸ್ಟ್‌ನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ತೆಗೆದು ಆನ್ ಮಾಡಿದರೆ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸುರಕ್ಷತೆಯ ಸ್ವಿಚ್) ಟಪ್ ಎಂದು ಬೀಳುತ್ತದೆ. ಓವನ್ ಸುಟ್ಟುಹೋಯಿತು ಎಂದು ತೀರ್ಮಾನಿಸಬೇಡಿ.

ಲೋಹದ ರಾಡಿನ ಒಳಗೆ ನೈಕ್ರೋಮ್ ತಂತಿಯ ಸುರುಳಿ ಇದೆ. ತಂತಿ ಹೊರಗಿನ ಕೊಳವೆಗೆ ತಾಗದಂತೆ ನಡುವೆ ಮೆಗ್ನೀಷಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಒಣಗಿದ್ದಾಗ ಆ ಪುಡಿ ಶಾಖವನ್ನು ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ರಾಡಿನ ತುದಿಯ ಮುದ್ರೆ ಹಳತಾಗಿದ್ದರೆ ವಾರಗಟ್ಟಲೆಯ ಮಳೆಗಾಳಿ ಅಲ್ಲಿಂದ ಒಳಗಿಳಿಯುತ್ತದೆ. ತೇವಗೊಂಡ ಪುಡಿಯ ಮೂಲಕ ಸ್ವಲ್ಪ ಕರೆಂಟು ಮೈಗೆ, ಅಲ್ಲಿಂದ ಅರ್ತ್‌ಗೆ ಹರಿಯುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅಷ್ಟು ಸೋರಿಕೆ ಕಂಡೊಡನೆ ಬೀಳಲೇಬೇಕು. ಅದು ತನ್ನ ಕೆಲಸ ಮಾಡಿದೆ.

ಪರಿಹಾರ ಒಣಗಿಸುವುದು. ಬಾಗಿಲು ತೆರೆದು ಒಂದೆರಡು ದಿನ ಚುರುಕು ಬಿಸಿಲಿಗಿಡಿ. ಬಿಸಿಲಿಲ್ಲದಿದ್ದರೆ ಪಕ್ಕದ ಕವಚ ಬಿಚ್ಚಿ, ರಾಡಿನ ತುದಿಗಳು ಹೊರಬರುವ ಜಾಗಕ್ಕೆ ಹೇರ್ ಡ್ರೈಯರ್‌ನ ಬಿಸಿಗಾಳಿ ಪ್ರತಿ ತುದಿಗೆ ಹತ್ತು ನಿಮಿಷದಂತೆ ಕೊಡಿ. ಮತ್ತೆ ಮೀಟರಿನಲ್ಲಿ ನೋಡಿ. ಓಮ್ ಏರುತ್ತ ಹೋಗುವುದು ಕಾಣುತ್ತದೆ. ಸೋರಿಕೆ ಪೂರ್ತಿ ಹೋದಮೇಲೆ ಪ್ಲಗ್ಗಿಗೆ ಹಾಕಿ, 100 ಡಿಗ್ರಿಯಲ್ಲಿ ಖಾಲಿ ಓವನ್ನನ್ನು 20 ನಿಮಿಷ ಓಡಿಸಿ, ಆಮೇಲೆ 200ರಲ್ಲಿ 20 ನಿಮಿಷ. ಮಳೆಗಾಲದುದ್ದಕ್ಕೂ ಹದಿನೈದು ದಿನಕ್ಕೊಮ್ಮೆ ಹೀಗೆ ಖಾಲಿ ಕಾಯಿಸಿದರೆ ಈ ತಾಪತ್ರಯವೇ ಬರುವುದಿಲ್ಲ.

ಒಣಗಿಸಿದಮೇಲೂ ಟ್ರಿಪ್ ಆದರೆ ಮೋಡ್ ಬದಲಿಸಿ ನೋಡಿ. ಮೇಲಿನ ರಾಡಿನಲ್ಲಿ ಮಾತ್ರ ಬಿದ್ದು ಕೆಳಗಿನದರಲ್ಲಿ ಬೀಳದಿದ್ದರೆ ಮೇಲಿನವುಗಳಲ್ಲೊಂದು ಬದಲಾಗಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಟ್ರಿಪ್ ನಿಲ್ಲಿಸಲು ಅರ್ತ್ ಪಿನ್ನು ಕತ್ತರಿಸುವುದು, ಅರ್ತ್ ವೈರು ಬಿಚ್ಚಿಡುವುದು ರಿಪೇರಿಯಲ್ಲ. ಆಗ ಸೋರಿದ ಕರೆಂಟಿಗೆ ಉಳಿಯುವ ದಾರಿ ಓವನ್ ಮುಟ್ಟಿದವರ ಮೈ ಒಂದೇ. ಒದ್ದೆ ಕೈ, ಬರಿಗಾಲು, ಅಡುಗೆಮನೆಯ ಕಲ್ಲುನೆಲ. ಓವನ್ ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ ಆ ಕ್ಷಣದಿಂದಲೇ ಬಳಕೆ ನಿಲ್ಲಿಸಿ, ಗೋಡೆಯ ಸಾಕೆಟ್‌ಗೆ ಅರ್ತಿಂಗ್ ನಿಜವಾಗಿ ಬಂದಿದೆಯೇ ಎಂದು ಎಲೆಕ್ಟ್ರೀಷಿಯನ್ ಕೈಲಿ ನೋಡಿಸಿ. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತಿದ್ದರೂ ಮೂರನೆಯದರ ಹಿಂದೆ ವೈರೇ ಇಲ್ಲದಿರುವುದುಂಟು.

ಕವಚ ಬಿಚ್ಚುವುದು, ಸುಟ್ಟ ಜೋಡಣೆ ಸರಿಪಡಿಸುವುದು

ವಾರಂಟಿ ಇದ್ದರೆ ಬಿಚ್ಚಬೇಡಿ, ಕಂಪನಿಗೇ ಹೇಳಿ. ಇಲ್ಲದಿದ್ದರೆ ಪ್ಲಗ್ ಕಿತ್ತು, ಅದು ಕಣ್ಣಿಗೆ ಕಾಣುವ ಹಾಗೆ ಓವನ್ ಮೇಲೆಯೇ ಇಟ್ಟುಕೊಂಡು ಕೆಲಸ ಶುರುಮಾಡಿ. ಒಳಗಿನ ತಗಡಿನ ಅಂಚು ಬ್ಲೇಡಿನಂತಿರುತ್ತದೆ, ದಪ್ಪ ಕೈಗವಸು ಹಾಕಿ. ಹಿಂದೆ, ಪಕ್ಕದಲ್ಲಿ, ಕೆಲವದರಲ್ಲಿ ಅಡಿಯಲ್ಲೂ ಸ್ಟಾರ್ ಸ್ಕ್ರೂಗಳಿರುತ್ತವೆ. ಕವಚ ತೆಗೆದ ತಕ್ಷಣ ಯಾವುದನ್ನೂ ಮುಟ್ಟದೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ಮೋಡ್ ಸ್ವಿಚ್‌ಗೆ ಐದಾರು ವೈರು ಬರುತ್ತವೆ. ಯಾವುದು ಎಲ್ಲಿತ್ತು ಎಂದು ಆಮೇಲೆ ನೆನಪಿನಿಂದ ಹೇಳಲು ಆಗುವುದಿಲ್ಲ.

ಮೀಟರಿಗಿಂತ ಮುಂಚೆ ಕಣ್ಣು ಮೂಗು ಬಳಸಿ. ನಾಬ್‌ಗಳ ಹಿಂದೆ ಪ್ರತಿ ವೈರಿನ ತುದಿಯಲ್ಲೂ ಚಪ್ಪಟೆ ನಾಲಗೆಗೆ ಸಿಕ್ಕಿಸಿದ ಲಗ್ ಇರುತ್ತದೆ. ಒಳ್ಳೆಯ ಲಗ್ ಬೆಳ್ಳಿಯಂತೆ ಹೊಳೆಯುತ್ತದೆ. ಕೆಟ್ಟದ್ದು ನೀಲಿ, ಕಂದು ಅಥವಾ ಕಪ್ಪಾಗಿರುತ್ತದೆ, ಅದರ ಹತ್ತಿರದ ವೈರಿನ ಹೊದಿಕೆ ಹಪ್ಪಳದಂತೆ ಮುರಿಯುತ್ತದೆ. ಲಗ್ ಸ್ವಲ್ಪ ಸಡಿಲಾದರೆ ಅಲ್ಲಿ ಬಿಸಿಯಾಗುತ್ತದೆ, ಬಿಸಿಯಾದ ಕಡೆ ಕಿಲುಬು ಕಟ್ಟುತ್ತದೆ, ಕಿಲುಬಿನಿಂದ ತಡೆ ಹೆಚ್ಚಿ ಇನ್ನೂ ಬಿಸಿಯಾಗುತ್ತದೆ. ಕೊನೆಗೆ ಒಂದು ದಿನ ಸುಟ್ಟು ಕಳಚಿಕೊಳ್ಳುತ್ತದೆ.

ಅಂಥ ಲಗ್ಗನ್ನು ನೋಸ್ ಪ್ಲೇಯರಿನಲ್ಲಿ ಲಗ್ ಹಿಡಿದೇ ಎಳೆಯಿರಿ, ವೈರು ಹಿಡಿದಲ್ಲ. ಸುಟ್ಟ ತುದಿಯನ್ನು ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ, ಅದೇ ಅಳತೆಯ ಹೊಸ ಲಗ್ ಹಾಕಿ ಕ್ರಿಂಪಿಂಗ್ ಪ್ಲೇಯರಿನಲ್ಲಿ ಒತ್ತಿ. ಸಾಮಾನ್ಯವಾಗಿ 6.3 ಮಿಲಿಮೀಟರ್ ಅಗಲದ ಲಗ್ ಸರಿಹೊಂದುತ್ತದೆ. ಸ್ವಿಚ್ಚಿನ ನಾಲಗೆಯನ್ನು ನಯವಾದ ಸ್ಯಾಂಡ್ ಪೇಪರಿನಲ್ಲಿ ಹೊಳಪು ಬರುವಂತೆ ಉಜ್ಜಿ. ಲಗ್ ಬಲ ಹಾಕಿ ತಳ್ಳಿದರಷ್ಟೇ ಕೂರಬೇಕು. ನಾಲಗೆಯೇ ಸುಟ್ಟು ಬುಡದಲ್ಲಿ ಅಲ್ಲಾಡುತ್ತಿದ್ದರೆ ಆ ಸ್ವಿಚ್ ಬದಲಿಸಿ, ಶಾಖಕ್ಕೆ ಅದರ ಒಳಗಿನ ಸ್ಪ್ರಿಂಗ್ ಸತ್ವ ಕಳೆದುಕೊಂಡಿರುತ್ತದೆ.

ವೈರು ಗಿಡ್ಡವಾಯಿತು ಎಂದು ಮನೆ ವೈರಿಂಗ್‌ನ ತುಂಡೊಂದನ್ನು ಸೇರಿಸುವುದು ದೊಡ್ಡ ತಪ್ಪು. ಮಾಮೂಲಿ ಪಿವಿಸಿ ಹೊದಿಕೆ 70 ಡಿಗ್ರಿ ತಡೆಯಲು ಮಾಡಿದ್ದು. ಓವನ್ ಗೋಡೆಯ ಪಕ್ಕದಲ್ಲಿ ಅದು ಕರಗಿ ಶಾರ್ಟ್ ಆಗುತ್ತದೆ. ಇಲ್ಲಿಗೆ ಬೇಕಾದ್ದು ಫೈಬರ್ ಗ್ಲಾಸ್ ಅಥವಾ ಸಿಲಿಕೋನ್ ಹೊದಿಕೆಯ ಹೀಟ್ ಪ್ರೂಫ್ ವೈರು. ಇನ್ಸುಲೇಶನ್ ಟೇಪೂ ಒಳಗೆ ನಿಲ್ಲುವುದಿಲ್ಲ, ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಫೈಬರ್ ಗ್ಲಾಸ್ ಸ್ಲೀವ್ ಬಳಸಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ, ಊರುಗಳಲ್ಲಿ ಗೀಸರ್–ಮಿಕ್ಸಿ ರಿಪೇರಿ ಅಂಗಡಿಗಳಲ್ಲಿ ಇವು ಮೀಟರ್ ಲೆಕ್ಕದಲ್ಲಿ ಸಿಗುತ್ತವೆ.

ಥರ್ಮಲ್ ಫ್ಯೂಸ್ ಇರುವ ಮಾದರಿಯಲ್ಲಿ ಅದು ಸ್ಲೀವಿನೊಳಗೆ ಅಡಗಿ ತಗಡಿಗೆ ಒತ್ತಿಕೊಂಡಿರುತ್ತದೆ. ಮೀಟರಿನಲ್ಲಿ ಸೊನ್ನೆ ಓಮ್ ಬಾರದಿದ್ದರೆ ಸುಟ್ಟಿದೆ. ಅದರ ಮೇಲೆ ಬರೆದ ಡಿಗ್ರಿ, ಆಂಪಿಯರ್ ಎರಡೂ ಹೊಂದುವುದನ್ನೇ ತಂದು ಕ್ರಿಂಪ್ ಮಾಡಿ. ಸೋಲ್ಡರ್ ಮಾಡಿದರೆ ಆ ಶಾಖಕ್ಕೇ ಹೊಸ ಫ್ಯೂಸೂ ಹೋಗುತ್ತದೆ. ಫ್ಯೂಸ್ ಬದಲು ವೈರು ಜೋಡಿಸಿ ಮುಚ್ಚುವುದಂತೂ ಬೇಡವೇ ಬೇಡ. ಫ್ಯೂಸ್ ಸುಟ್ಟಿದ್ದಕ್ಕೆ ಕಾರಣವೂ ಇರುತ್ತದೆ. ಹಲವು ಸಲ ಅದು ಅಂಟಿಕೊಂಡ ಥರ್ಮೋಸ್ಟಾಟ್.

ರಾಡ್ ಬದಲಿಸುವುದು

ಯಾವ ರಾಡ್ ಹೋಗಿದೆ ಎಂದು ತಿಳಿಯಲು ಅದರ ಒಂದು ತುದಿಯ ವೈರನ್ನಾದರೂ ಬಿಚ್ಚಿ ಅಳೆಯಿರಿ. ಜೋಡಿಸಿದ ಹಾಗೆಯೇ ಅಳೆದರೆ ಬೇರೆ ರಾಡಿನ ಮೂಲಕ ಮೀಟರು ತಪ್ಪು ಹೇಳಬಹುದು. ಸ್ಫಟಿಕದ (ಕ್ವಾರ್ಟ್ಜ್) ಕೊಳವೆಯ ರಾಡಾದರೆ ತುಂಡಾದ ಸುರುಳಿ ಕಣ್ಣಿಗೇ ಕಾಣುತ್ತದೆ.

1. ಹಳೆಯ ರಾಡನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ. ತುದಿಯಿಂದ ತುದಿಗೆ ಉದ್ದ, ಕೊಳವೆಯ ದಪ್ಪ, ತುದಿ ಸ್ಕ್ರೂ ಬಗೆಯದೋ ಲಗ್ ಬಗೆಯದೋ ಎಂಬುದು, ವಾಟ್ಸ್, ವೋಲ್ಟ್, ಈ ಐದೂ ಹೊಂದಬೇಕು.

2. ವೋಲ್ಟ್‌ನಲ್ಲಿ ಎಡವುವವರೇ ಹೆಚ್ಚು. ಸರಣಿಯಲ್ಲಿ ಜೋಡಿಸಿದ ರಾಡ್ ಒಂದೊಂದಕ್ಕೂ ಸಿಗುವುದು 115 ವೋಲ್ಟ್ ಮಾತ್ರ. ಅಲ್ಲಿಗೆ ಅಷ್ಟೇ ವಾಟಿನ 230 ವೋಲ್ಟ್ ರಾಡ್ ಹಾಕಿದರೆ, ನಮ್ಮ ಉದಾಹರಣೆಯ ಲೆಕ್ಕದಲ್ಲಿ 35 ಓಮ್‌ನ ಪಕ್ಕ 141 ಓಮ್ ಬಂದು ಕೂರುತ್ತದೆ, 750 ವಾಟ್ ಕೊಡಬೇಕಾದ ಜೋಡಿ 300 ಕೊಡುತ್ತದೆ. ತಿರುಗಾಮುರುಗಾ ಆಗಿ 115 ವೋಲ್ಟಿನ ರಾಡನ್ನು ನೇರ 230ಕ್ಕೆ ಕೊಟ್ಟರೆ ನಾಲ್ಕು ಪಟ್ಟು ಕಾದು ಸ್ವಲ್ಪ ಹೊತ್ತಿಗೇ ಸುಡುತ್ತದೆ. ಒಳ್ಳೆಯ ರಾಡಿನ ಓಮ್ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಹೊಸದನ್ನು ಅಂಗಡಿಯಲ್ಲೇ ಅಳೆಸಿ ತನ್ನಿ.

3. ಹೊಸ ರಾಡನ್ನು ಹಳೆಯದರ ತೂತುಗಳಲ್ಲೇ ಕೂರಿಸಿ. ಲೋಹದ ರಾಡು ಕಾದಾಗ ಉದ್ದವಾಗುತ್ತದೆ, ಎರಡೂ ಕಡೆ ತಗಡಿಗೆ ಒತ್ತಿಕೊಳ್ಳದಂತೆ ಸ್ವಲ್ಪ ಜಾಗವಿರಲಿ. ಸ್ಫಟಿಕದ ಕೊಳವೆಯನ್ನು ಬಟ್ಟೆಯಲ್ಲಿ ಹಿಡಿಯಿರಿ, ಬೆರಳಿನ ಜಿಡ್ಡು ತಾಗಿದ ಜಾಗ ಕಾಯ್ದಾಗ ಮಸುಕಾಗಿ ದುರ್ಬಲವಾಗುತ್ತದೆ.

4. ತುದಿಯ ಪಿಂಗಾಣಿ ಬಿಲ್ಲೆ ಒಡೆದಿದ್ದರೆ ಅದನ್ನೂ ಬದಲಿಸಿ. ವೈರು ಮೈಗೆ ತಾಗದಂತೆ ತಡೆಯುವುದು ಅದೇ.

5. ಮುಚ್ಚುವ ಮುಂಚೆ ಪ್ಲಗ್ಗಿನಲ್ಲಿ ಮಾಡಿದ ಎಲ್ಲ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿ, ಅರ್ತ್ ಸೋರಿಕೆಯದನ್ನೂ ಸೇರಿಸಿ.

ಹೊಸ ರಾಡಿನ ಮೇಲೆ ತಯಾರಿಕೆಯ ಎಣ್ಣೆಯ ಲೇಪ ಇರುತ್ತದೆ. ಕಿಟಕಿ ತೆರೆದಿಟ್ಟು 250 ಡಿಗ್ರಿಯಲ್ಲಿ 15–20 ನಿಮಿಷ ಖಾಲಿ ಓಡಿಸಿ. ಮೊದಲ ಸಲ ಹೊಗೆ ಬರುತ್ತದೆ, ಎರಡನೆಯ ಸಲ ಬರಬಾರದು.

ಶಾಖ ಸರಿಯಿಲ್ಲ ಎಂಬ ಅನುಮಾನ

ಬೆಣ್ಣೆ ಬಿಸ್ಕತ್ತು ಅಂಚಿನಲ್ಲಿ ಕರಿಯಾಗಿ ನಡುವೆ ಹಿಟ್ಟುಹಿಟ್ಟಾಗಿದ್ದರೆ, ಕೇಕು ಮೇಲೆ ಬಿರಿದು ಒಳಗೆ ಹಸಿಯಾಗಿದ್ದರೆ ನಾಬ್ ತೋರಿಸುವ ಅಂಕಿಯನ್ನು ಪರೀಕ್ಷಿಸುವ ಹೊತ್ತು ಬಂದಿದೆ.

ಓವನ್ ಥರ್ಮಾಮೀಟರ್ ಇದ್ದರೆ ಅದನ್ನು ಜಾಲರಿಯ ನಟ್ಟನಡುವೆ ಇಟ್ಟು ನಾಬನ್ನು 180ಕ್ಕೆ ತಿರುಗಿಸಿ. ಮೊದಲ 20 ನಿಮಿಷ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಮೇಲೆ ದೀಪ ಆರುವಾಗ ಎಷ್ಟು, ಹತ್ತುವಾಗ ಎಷ್ಟು ಎಂದು ಮೂರು ಸುತ್ತು ಬರೆದುಕೊಳ್ಳಿ. 195ಕ್ಕೆ ಆರಿ 165ಕ್ಕೆ ಹತ್ತಿದರೆ ಸರಾಸರಿ 180, ಓವನ್ ಸರಿಯಾಗಿದೆ. ಯಾಂತ್ರಿಕ ಥರ್ಮೋಸ್ಟಾಟ್ ಹೀಗೆ ಏರಿಳಿಯುವುದು ಸಹಜ. ಸರಾಸರಿಯೇ 205 ಬಂದರೆ ನಿಮ್ಮ ಓವನ್ 25 ಡಿಗ್ರಿ ಮುಂದಿದೆ. ಭಾಗ ಬದಲಿಸಬೇಕಿಲ್ಲ, ಆ ಅಂತರವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿಕೊಂಡರೆ ಸಾಕು.

ಥರ್ಮಾಮೀಟರ್ ಇಲ್ಲದವರು ಸಕ್ಕರೆ ಬಳಸಿ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಓವನ್ನನ್ನು 175ಕ್ಕೆ ಇಟ್ಟು 20 ನಿಮಿಷ ಕಾಯಿಸಿ, ಫಾಯಿಲ್ ಮಡಚಿ ಮಾಡಿದ ಪುಟ್ಟ ಬಟ್ಟಲಲ್ಲಿ ಒಂದು ಚಮಚ ಸಕ್ಕರೆ ಹಾಕಿ ನಡುವೆ 15 ನಿಮಿಷ ಇಡಿ. ಕರಗಬಾರದು. ಕರಗಿದರೆ ಓವನ್ ಹೇಳುವುದಕ್ಕಿಂತ ಬಿಸಿ. ಆಮೇಲೆ 190ಕ್ಕೆ ಏರಿಸಿ ಹೊಸ ಸಕ್ಕರೆಯೊಂದಿಗೆ ಇನ್ನೊಂದು 15 ನಿಮಿಷ. ಈಗ ಕರಗಬೇಕು. ಕರಗದಿದ್ದರೆ ಓವನ್ ತಣ್ಣಗಿದೆ. ಹೊತ್ತು ಮೀರಿಸಬೇಡಿ, ಕಡಿಮೆ ಶಾಖದಲ್ಲೂ ಬಹಳ ಹೊತ್ತಿಟ್ಟರೆ ಸಕ್ಕರೆ ಕಂದಾಗಿ ಜಿನುಗತೊಡಗುತ್ತದೆ.

ಅಂತರ 40–50 ಡಿಗ್ರಿಯಷ್ಟಿದ್ದರೆ ಮೊದಲು ನಾಬನ್ನೇ ಕಿತ್ತು ನೋಡಿ. ಅದರೊಳಗಿನ ಚಪ್ಪಟೆ ತೂತು ಸೀಳಿದ್ದರೆ ನಾಬ್ ದಂಡದ ಮೇಲೆ ಜಾರುತ್ತದೆ, ಅಂಕಿ ಒಂದು ಕಡೆ, ದಂಡ ಇನ್ನೊಂದು ಕಡೆ. ಹೊಸ ನಾಬ್ ಹಾಕಿದರೆ ಮುಗಿಯಿತು. ನಾಬ್ ಸರಿಯಿದ್ದು, 100ಕ್ಕೆ ಇಟ್ಟರೂ ಅರ್ಧ ಗಂಟೆಯಾದರೂ ರಾಡು ಆರದೆ ಕಾಯುತ್ತಲೇ ಇದ್ದರೆ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ಇದು ಅಪಾಯದ ದೋಷ, ಬೆಂಕಿ ಹಿಡಿಯುವುದು ಹೀಗೆಯೇ. ಅಂದೇ ಬಳಕೆ ನಿಲ್ಲಿಸಿ ಥರ್ಮೋಸ್ಟಾಟ್ ಬದಲಿಸಿ. ಕಾಂಟ್ಯಾಕ್ಟನ್ನು ಅರದಿಂದ ಉಜ್ಜಿ ನಡೆಸುವ ಉಪಾಯ ಹೆಚ್ಚು ದಿನ ಬಾಳುವುದಿಲ್ಲ, ಮೇಲಿನ ಬೆಳ್ಳಿ ಲೇಪ ಹೋಗಿ ಇನ್ನೂ ಬೇಗ ಬೆಸೆದುಕೊಳ್ಳುತ್ತದೆ. ಸೊನ್ನೆಗೆ ಮರಳದ ಟೈಮರಿಗೂ ಇದೇ ಮಾತು.

ಓವನ್ ಸರಿಯಿದ್ದೂ ಕಾಯದಿರಲು ಇನ್ನೊಂದು ಕಾರಣ ವೋಲ್ಟೇಜ್. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ಹಳ್ಳಿಯಲ್ಲಿ 230 ಇರಬೇಕಾದ್ದು 190ಕ್ಕೆ ಇಳಿದರೆ 1500 ವಾಟಿನ ಓವನ್ ಸುಮಾರು 1020 ವಾಟಷ್ಟೇ ಕೊಡುತ್ತದೆ, ಮೂರರಲ್ಲೊಂದು ಪಾಲು ಶಾಖ ಖೋತಾ. ಅಂಥ ಹೊತ್ತಲ್ಲಿ ಪ್ರೀಹೀಟ್‌ಗೆ 10 ನಿಮಿಷದ ಬದಲು 20 ಕೊಡಿ, ಸಾಧ್ಯವಾದರೆ ಬೆಳಗಿನ ಜಾವ ಬೇಕ್ ಮಾಡಿ. ದಿನಾ ಹೀಗೇ ಆದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ಕೊಡಿ. ಮನೆಯ ಇನ್ವರ್ಟರಿಗೆ ಮಾತ್ರ ಓವನ್ ಜೋಡಿಸಬೇಡಿ, ಅದರ ತಾಕತ್ತು ಇದಕ್ಕೆ ಸಾಲದು.

ಬಾಗಿಲು ಒಂದು ಮೂಲೆಯಲ್ಲಿ ಬಾಯಿಬಿಟ್ಟಿದ್ದರೂ ಶಾಖ ನಿಲ್ಲುವುದಿಲ್ಲ. ತಣ್ಣಗಿರುವಾಗ ಕಾಗದದ ಪಟ್ಟಿಯೊಂದನ್ನು ಬಾಗಿಲಲ್ಲಿ ಸಿಕ್ಕಿಸಿ ಎಡ, ಬಲ ಎರಡೂ ಕಡೆ ಎಳೆದು ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವೆಂದರೆ ಆ ಬದಿಯ ಸ್ಪ್ರಿಂಗ್ ಕೊಕ್ಕೆಯಿಂದ ತಪ್ಪಿದೆ ಅಥವಾ ಹಿಂಜಿನ ಸ್ಕ್ರೂ ಸಡಿಲಾಗಿದೆ. ಸ್ಪ್ರಿಂಗ್ ಸಿಕ್ಕಿಸುವಾಗ ಮುಖ ದೂರವಿರಲಿ. ಗಾಜಿನ ಅಂಚು ಚಕ್ಕೆ ಎದ್ದಿದ್ದರೆ ಗಾಜು ಬದಲಿಸುವವರೆಗೆ ಕಾಯಿಸಬೇಡಿ, ಬಿಸಿ ಗಾಜಿಗೆ ಒದ್ದೆ ಬಟ್ಟೆಯೂ ಬೇಡ.

ತಪ್ಪು ಓವನ್ನಿನದಲ್ಲದೆಯೂ ಇರಬಹುದು. ತಳದ ಟ್ರೇಗೆ ಫಾಯಿಲ್ ಹಾಸಿದರೆ ಕೆಳಗಿನ ರಾಡಿನ ಶಾಖ ಮೇಲೇರದೆ ತಿರುಗಿ ರಾಡಿಗೇ ಬಡಿಯುತ್ತದೆ, ರಾಡೂ ಬೇಗ ಹೋಗುತ್ತದೆ. ಜಾಲರಿಯ ತುಂಬ ಟ್ರೇ ಇಟ್ಟರೆ ಬಿಸಿಗಾಳಿ ಓಡಾಡುವುದಿಲ್ಲ, ಸುತ್ತ ಎರಡು ಬೆರಳು ಜಾಗ ಬಿಡಿ. ಕಪ್ಪು ಟಿನ್ ಹೆಚ್ಚು ಶಾಖ ಹೀರುತ್ತದೆ, ಅದಕ್ಕೆ 10–15 ಡಿಗ್ರಿ ಇಳಿಸಿ. ಬಾಗಿಲ ಕಡೆಗಿಂತ ಹಿಂಭಾಗ ಬಿಸಿ ಇರುವುದು ಎಲ್ಲ ಸಣ್ಣ ಓವನ್ನಿನ ಗುಣ, ಮೂರರಲ್ಲೆರಡು ಪಾಲು ಹೊತ್ತಾದಮೇಲೆ ಟ್ರೇ ತಿರುಗಿಸಿಡಿ.

ಹೊಗೆ, ವಾಸನೆ, ಶುಚಿ

ಹಳೆಯ ಓವನ್ ಹೊಗೆಯಾಡಿದರೆ ಎಣ್ಣೆ, ಬೆಣ್ಣೆ ಬಿದ್ದು ಕರಕಾಗಿದೆ ಎಂದರ್ಥ. ಎರಡು ಪಾಲು ಅಡುಗೆ ಸೋಡಾಗೆ ಒಂದು ಪಾಲು ನೀರು ಕಲಸಿ, ತಣ್ಣಗಿರುವ ಗೋಡೆ ಮತ್ತು ಟ್ರೇಗೆ ಬಳಿದು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಹಿಂಡಿದ ಬಟ್ಟೆಯಲ್ಲಿ ಒರೆಸಿ. ರಾಡಿಗೆ ಬಳಿಯಬೇಡಿ, ಒಳಗೆ ನೀರು ಸುರಿಯಬೇಡಿ. ಕಾಸ್ಟಿಕ್ ಸೋಡಾ ಇರುವ ಕ್ಲೀನರುಗಳು ಓಟಿಜಿಗಲ್ಲ. ಒಳಗೋಡೆಯ ಅಲ್ಯುಮಿನಿಯಂ ಅಥವಾ ಸತುವಿನ ಲೇಪವನ್ನು ಅವು ತಿನ್ನುತ್ತವೆ, ಲೇಪ ಹೋದ ತಗಡು ತುಕ್ಕು ಹಿಡಿಯುತ್ತದೆ.

ಎಣ್ಣೆ ವಾಸನೆ ಬೇರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬೇರೆ. ಎರಡನೆಯದು ಬಂದರೆ ಗೋಡೆಯ ಸ್ವಿಚ್ ಆರಿಸಿ, ನಾಬ್‌ಗಳ ಹಿಂದಿನ ಲಗ್‌ಗಳನ್ನು ಹುಡುಕಿ.

ಮೈಕ್ರೋವೇವ್: ಎಲ್ಲಿ ನಿಲ್ಲಬೇಕು

ಮೈಕ್ರೋವೇವ್ ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಅದರ ಕೆಪಾಸಿಟರ್ ಪ್ಲಗ್ ಕಿತ್ತಮೇಲೂ ಪ್ರಾಣ ತೆಗೆಯುವಷ್ಟು ಚಾರ್ಜ್ ಹಿಡಿದಿಟ್ಟುಕೊಳ್ಳಬಲ್ಲದು. ಓಟಿಜಿ ಬಿಚ್ಚಿದ ಧೈರ್ಯದಲ್ಲಿ ಇದಕ್ಕೆ ಕೈಹಾಕಬೇಡಿ. ಹೊರಗಿನಿಂದ ಮಾಡಬಹುದಾದ್ದು ಒಂದಿದೆ. ಒಳಗೋಡೆಯಲ್ಲಿ ಬೂದುಬಣ್ಣದ ಅಭ್ರಕದ ಹಾಳೆ ಇರುತ್ತದೆ. ಅದರ ಮೇಲೆ ಜಿಡ್ಡು ಕೂತು ಕರಕಾದರೆ ಅಲ್ಲಿಂದ ಕಿಡಿ ಹಾರುತ್ತದೆ. ಪ್ಲಗ್ ಕಿತ್ತು, ಆ ಹಾಳೆ ತೆಗೆದು, ಅಂಗಡಿಯಲ್ಲಿ ಸಿಗುವ ಹೊಸ ಹಾಳೆಯನ್ನು ಹಳೆಯದರ ಅಳತೆಗೆ ಕತ್ತರಿಯಲ್ಲಿ ಕತ್ತರಿಸಿ ಕೂರಿಸಿ. ಕಿಡಿ ಬೇರೆ ಕಡೆಯಿಂದ ಬಂದರೆ, ಬಾಗಿಲು ಬಿಗಿಯಾಗಿ ಮುಚ್ಚದಿದ್ದರೆ, ತಟ್ಟೆ ತಿರುಗಿಯೂ ಬಿಸಿಯಾಗದಿದ್ದರೆ ಸರ್ವಿಸ್ ಸೆಂಟರಿಗೇ ಕೊಡಿ.

ರಿಪೇರಿ ಮುಗಿದಮೇಲೆ

ಕವಚವನ್ನು ಎಲ್ಲ ಸ್ಕ್ರೂ ಹಾಕಿ ಮುಚ್ಚಿ. ಒಂದೆರಡು ಉಳಿದರೆ ಹುಡುಕಿ, ಅರ್ತ್ ವೈರಿನದೇ ಆಗಿರಬಹುದು. ಗೋಡೆಯಿಂದ ಒಂದು ಗೇಣು ದೂರ ಇಟ್ಟು, 200 ಡಿಗ್ರಿಯಲ್ಲಿ ಖಾಲಿ ಓವನ್ನನ್ನು 20 ನಿಮಿಷ ಓಡಿಸಿ, ಪಕ್ಕದಲ್ಲೇ ನಿಂತಿರಿ. ಮೋಡ್ ಬದಲಿಸಿ ಪ್ರತಿ ರಾಡೂ ಕಾಯುತ್ತಿದೆಯೇ, ದೀಪ ಆರಿ ಹತ್ತುತ್ತಿದೆಯೇ, ಟೈಮರ್ ಸೊನ್ನೆಗೆ ಬಂದು ಗಂಟೆ ಬಾರಿಸಿ ರಾಡು ಆರುತ್ತದೆಯೇ ನೋಡಿ. ಗಂಟೆ ಬಾರಿಸಿದೊಡನೆ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತು, ಅದರ ಪ್ಲಾಸ್ಟಿಕ್ ಮೈಯನ್ನು ಅಂಗೈಯಲ್ಲಿ ಹಿಡಿಯಿರಿ. ಉಗುರುಬೆಚ್ಚಗಿದ್ದರೆ ಸರಿ. ಹಿಡಿಯಲಾರದಷ್ಟು ಬಿಸಿಯಿದ್ದು, ಪ್ಲಗ್ಗಿನ ಸ್ಕ್ರೂಗಳು ಬಿಗಿಯಾಗಿಯೇ ಇದ್ದರೆ ಗೋಡೆಯ ಸಾಕೆಟ್ಟಿನ ಹಿಡಿತ ಹೋಗಿದೆ. ಮೊದಲ ಕೇಕಿಗೆ ಹಿಟ್ಟು ಕಲಸುವ ಮುಂಚೆ ಆ ಸಾಕೆಟ್ಟನ್ನು ಬದಲಿಸಿ.